ಸೂತಕದ ಮನೆಯಲ್ಲಿ ನಲವತ್ತು ರಂಗೋಲಿ

ನನಗಾಗ ಅರವತ್ತೊಂದು ವರ್ಷ. ಆ ಮಾತಿಗೆ ಈಗ ಹದಿನೆಂಟು ವರ್ಷ ಆಗಿಹೋಯಿತು. ಎರಡನ್ನೂ ಕೂಡಿಸಿ ನನ್ನ ಈಗಿನ ವಯಸ್ಸು ಎಷ್ಟು ಅಂತ ನೀವೇ ತಿಳಿದುಕೊಳ್ಳಿ, ನಾನು ಬಾಯಿಬಿಟ್ಟು ಹೇಳುವುದಿಲ್ಲ. ಮನುಷ್ಯನಿಗೆ ಮುಪ್ಪು ಬಂದ ಮೇಲೆ ಮನೆಯಲ್ಲಿ ಏನಾದರೊಂದನ್ನು ಕದ್ದು ಮಾಡುವುದು ಇದ್ದದ್ದೇ. ಕೆಲವರು ಕದ್ದು ಬೆಲ್ಲ ತಿನ್ನುತ್ತಾರೆ, ಕೆಲವರು ಕದ್ದು ನಶ್ಯ ಏರಿಸುತ್ತಾರೆ, ನಮ್ಮ ಓಣಿಯ ಒಬ್ಬಾಕೆ ಸೊಸೆ ಇಲ್ಲದಾಗ ಸೊಸೆಯ ಪೌಡರ್ ಹಚ್ಚಿಕೊಳ್ಳುತ್ತಿದ್ದಳು. ನಾನು ಕದ್ದು ಚುಕ್ಕಿ ಇಡುತ್ತಿದ್ದೆ. ಅದೂ ಕಂಪ್ಯೂಟರಿನಲ್ಲಿ. ಇದರಲ್ಲಿ ಕದಿಯುವಂಥದ್ದು ಏನಿತ್ತು ಅಂತ ಕೇಳಿದರೆ ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ.

ಮೊದಲು ಮೊಣಕಾಲಿನ ಸುದ್ದಿ ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದ. ನಮ್ಮದು ಶಹಾಬಾದ. ಇಲ್ಲಿ ಮನೆ ಒಳಗೂ ಹಾಸಿದ ಕಲ್ಲಿನ ಪರಸಿ, ಅಂಗಳದಲ್ಲೂ ಕಲ್ಲಿನ ಪರಸಿ, ಕುಂದರುವ ಕಟ್ಟೆಯೂ ಅದೇ ಕಲ್ಲು. ಆ ಬೂದಿಬಣ್ಣದ ಕಲ್ಲನ್ನು ತೊಳೆದು, ಇನ್ನೂ ಹಸಿ ಇರುವಾಗಲೇ ಬಿಳಿ ಹಿಟ್ಟಿನ ಎಳೆ ಎಳೆದರೆ ಅದು ಎದ್ದು ಕಾಣುವಷ್ಟು ಚಂದ ಬೇರೆ ಯಾವ ನೆಲದ ಮೇಲೂ ಕಾಣುವುದಿಲ್ಲ. ನಾನು ನಲವತ್ತೈದು ವರ್ಷ ಎಳೆದೆ. ಆಮೇಲೆ ಮೊಣಕಾಲು ಕೈಕೊಟ್ಟವು. ಕುಕ್ಕರುಗಾಲಲ್ಲಿ ಕೂತರೆ ಏಳಲು ಇಬ್ಬರು ಬೇಕು, ಎಬ್ಬಿಸಿದ ಮೇಲೆ ನಿಲ್ಲಿಸಲು ಮೂರನೆಯವರು ಬೇಕು. ಡಾಕ್ಟರು ನೆಲಕ್ಕೆ ಕೂರಬೇಡ ಅಂದರು. ಹೀಗಾಗಿ ಹೊಸ್ತಿಲು ಸೊಸೆಯ ಪಾಲಿಗೆ ಹೋಯಿತು.

ಸೊಸೆಯ ಹೆಸರು ಸುನಂದಾ. ಸಾಲಿಯಲ್ಲಿ ಟೀಚರ್. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ, ಆ ಒಂದು ದೋಷ ಬಿಟ್ಟರೆ ಏನೂ ಹೆಸರಿಡುವಂತಿಲ್ಲ. ಆದರೆ ರಂಗೋಲಿಯ ಕೈ ಇಲ್ಲ. ತೂತು ಬಿದ್ದ ತಗಡಿನ ಅಚ್ಚಿನ ಡಬ್ಬಿ ಬರುತ್ತದಲ್ಲ, ಅದರಲ್ಲಿ ಹಿಟ್ಟು ತುಂಬಿ ಹೊಸ್ತಿಲ ಮುಂದೆ ಎರಡು ಸಲ ಕುಟ್ಟಿ ಸಾಲಿಗೆ ಓಡುತ್ತಿದ್ದಳು. ದಿನಾ ಅದೇ ಕಮಲ. ವರ್ಷಕ್ಕೆ ಮುನ್ನೂರ ಅರವತ್ತೈದು ಕಮಲ. ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂದರೆ ನಂಬಬೇಡಿ. ದಿನಾ ಒಂದು ಮಾತು ಅನ್ನುತ್ತಿದ್ದೆ, ಅವಳು ದಿನಾ "ಹೂಂ ರಿ ಅತ್ತಿ" ಅನ್ನುತ್ತಿದ್ದಳು.

ರಂಗೋಲಿಗೆ ಒಂದು ಕಾನೂನಿದೆ, ಗಂಡಸರಿಗೆ ಗೊತ್ತಿರುವುದಿಲ್ಲ ಅಂತ ಹೇಳುತ್ತೇನೆ. ಮುಂಜಾನೆ ಎದ್ದು ನಿನ್ನೆಯದನ್ನು ತೊಳೆಯಬೇಕು, ಇವತ್ತಿನದನ್ನು ಹಾಕಬೇಕು. ಹಳಸಿದ ಅನ್ನಕ್ಕೆ ಒಗ್ಗರಣೆ ಕೊಟ್ಟು ತಿನ್ನಬಹುದು, ಹಳಸಿದ ರಂಗೋಲಿ ಹೊಸ್ತಿಲ ಮುಂದೆ ಇರಬಾರದು. ಇದ್ದರೆ ಓಣಿಯವರು ಒಳಗೆ ಇಣುಕಿ "ಯಾರಿಗೇನಾಗ್ಯಾದ್ರಿ" ಅಂತ ಕೇಳುತ್ತಾರೆ. ಇನ್ನು ಮನೆತನದಲ್ಲಿ ಯಾರಾದರೂ ಸತ್ತರೆ ಸೂತಕ ಕಳೆಯುವ ತನಕ ಹತ್ತು ದಿನ ರಂಗೋಲಿಯೇ ಇಲ್ಲ. ಬರೇ ನೀರು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ತಿಳಿಯುತ್ತದೆ. ನನಗೆ ತಿಳಿಯಲಿಲ್ಲ, ಅದು ಬೇರೆ ಮಾತು.

ಕಂಪ್ಯೂಟರ್ ಬಂದದ್ದು ವಾಡಿಯಿಂದ. ಸುನಂದಾಳ ಅಣ್ಣನದು ವಾಡಿ ಸ್ಟೇಷನ್ ಹತ್ತಿರ ಟೈಪಿಂಗ್ ಅಂಗಡಿ. ಅವನು ಹೊಸದು ತಂದು ಹಳೆಯದನ್ನು ತಂಗಿಗೆ ಕೊಟ್ಟ, ಸಾಲಿಯ ಪ್ರಶ್ನೆಪತ್ರಿಕೆ ಮನೆಯಲ್ಲೇ ಹೊಡೆಯಲಿ ಅಂತ. ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿತ್ತು. ನಡುಮನೆಯಲ್ಲಿ ಹೊಲಿಗೆ ಮಷಿನ್ನಿನ ಟೇಬಲ್ ಮೇಲೆ ಕೂತಿತು, ಮೈಮೇಲೆ ನನ್ನ ಹಳೇ ಸೀರೆಯ ತುಂಡು ಹೊಚ್ಚಿದೆವು. ನೋಡಲು ಟಿವಿ ಹಾಗೇ, ಆದರೆ ಹಚ್ಚಿದರೆ ಯಾರೂ ಬಂದು ಮಾತಾಡುವುದಿಲ್ಲ. ಮಗ ಕಲ್ಲಿನ ಲಾರಿಯ ಮೇಲೆ ಸೋಲಾಪುರ, ಹೈದರಾಬಾದ ಅಂತ ತಿರುಗುತ್ತಿರುತ್ತಾನೆ, ಅವನಿಗೆ ಇದರ ಖಬರೇ ಇಲ್ಲ. ನಮ್ಮ ಯಜಮಾನರು ಮಾತ್ರ ಆ ಪೆಟ್ಟಿಗೆಯನ್ನು ಸುತ್ತ ಒಂದು ಸಲ ನೋಡಿ, "ಇರ್ಲಿ. ಆದ್ರ ಈ ಡಬ್ಬಿ ಸಲುವಾಗಿ ಮನ್ಯಾಗ ಒಂದು ಜಗಳ ಆದ್ರೂ ಮರುದಿನ ವಾಡಿಗೆ ವಾಪಸ್" ಅಂದರು.

ಇವರು ಕಲ್ಲಿನ ಯಾರ್ಡಿನಲ್ಲಿ ಮುಕಾದಮ ಆಗಿ ಮೂವತ್ತು ವರ್ಷ ಕೂಲಿಯವರನ್ನು ಆಳಿದವರು. ಆಡಿದ್ದು ಮಾಡುತ್ತಾರೆ. ಹಿಂದೊಮ್ಮೆ ನಾನೂ ಇವರ ಅಕ್ಕ ತುಳಸಾಬಾಯಿಯೂ ರೇಡಿಯೋದ ಕಿವಿ ಯಾರು ತಿರುವಬೇಕು ಅನ್ನುವುದಕ್ಕೆ ಮಾತಿಗೆ ಮಾತು ಬೆಳೆಸಿದೆವು. ಇವರು ರೇಡಿಯೋ ಎತ್ತಿಕೊಂಡು ಹೋಗಿ ಯಾರ್ಡಿನ ವಾಚಮನ್ನನಿಗೆ ಕೊಟ್ಟು ಬಂದರು. ಮುಂದೆ ಹತ್ತು ವರ್ಷ ಅವನು ಅದನ್ನು ಕೇಳಿದ. ನಾನು ಆ ದಾರಿಯಲ್ಲಿ ಹೋದಾಗ ಜೋರಾಗಿ ಹಚ್ಚುತ್ತಿದ್ದ, ಪಾಪ, ನನಗೂ ಕೇಳಿಸಲಿ ಅಂತ.

ಒಂದು ಶನಿವಾರ ಸುನಂದಾ ಆ ಪೆಟ್ಟಿಗೆಯ ಮುಂದೆ ಕೂತು ಮಕ್ಕಳ ಪ್ರಶ್ನೆಪತ್ರಿಕೆಗೆ ತ್ರಿಕೋನ ಬರೆಯುತ್ತಿದ್ದಳು. ಕೈಯಲ್ಲಿ ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಒಂದು ವಸ್ತು, ಅದಕ್ಕೆ ಬಾಲ. ಅದನ್ನು ಟೇಬಲ್ ಮೇಲೆ ಸರಿಸಿದರೆ ಗಾಜಿನೊಳಗೆ ಎಳೆ ಬೀಳುತ್ತದೆ. ನೆಟ್ಟಗೆ, ಒಂದೇ ದಪ್ಪ, ಎಲ್ಲೂ ಹಿಟ್ಟು ಮುಗಿದು ಹರಿಯುವುದಿಲ್ಲ. ನಾನು ಜ್ವಾಳ ಹಸನು ಮಾಡುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದೆ. ಅವಳು ಖುರ್ಚಿಯ ಮೇಲೆ ಕೂತಿದ್ದಳು. ಮೊಣಕಾಲು ಮಡಚಿರಲಿಲ್ಲ. ನನಗೆ ಮೊದಲು ಕಂಡದ್ದು ಅದು.

ಸೋಮವಾರ ಅವಳು ಸಾಲಿಗೆ ಹೋದಳು, ಇವರು ದಿನದ ಹಾಗೆ ಬೇವಿನ ಕಟ್ಟೆಗೆ ಹೋದರು. ನಾನು ಸೀರೆಯ ತುಂಡು ತೆಗೆದು, ಅವಳು ಒತ್ತಿದ ಗುಂಡಿಯನ್ನೇ, ಆಮೇಲೆ ಅವಳು ಒತ್ತಿದ ಚಿತ್ರವನ್ನೇ ಒತ್ತಿದೆ. ನಾನು ಓದಿದ್ದು ಮೂರನೇ ಇಯತ್ತೆ, ಅದೂ ತವರೂರು ಕುರಕುಂಟಾದ ಗುಡಿಯ ಕಟ್ಟೆಯ ಮೇಲಿನ ಸಾಲಿಯಲ್ಲಿ. ಬಸ್ಸಿನ ಬೋರ್ಡು ಓದುತ್ತೇನೆ, ಅಂಕಿ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಚಿತ್ರ ಬಿಡಿಸುವ ಜಾಗದ ಎಡಗಡೆ ಅಕ್ಷರವೇ ಇಲ್ಲ, ಎಲ್ಲ ಚಿತ್ರ. ಪೆನ್ಸಿಲ್ಲಿನ ಚಿತ್ರ, ರಬ್ಬರಿನ ಚಿತ್ರ, ಬಣ್ಣ ಚೆಲ್ಲುತ್ತಿರುವ ಡಬ್ಬಿಯ ಚಿತ್ರ. ನನ್ನಂಥವರಿಗೇ ಮಾಡಿಟ್ಟ ಹಾಗಿತ್ತು. ಆ ಬಾಲದ ವಸ್ತು ಹಿಡಿದು ಐದು ಚುಕ್ಕಿ ಇಟ್ಟೆ. ಎಳೆ ಎಳೆದೆ. ಕುರಿ ಹಿಂಡು ಹೋದ ದಾರಿಯ ಹಾಗಾಯಿತು, ಆದರೂ ಆಯಿತು. ಆಮೇಲೆ ದುರಾಸೆ. ನಡುವಿನ ಎಸಳಿಗೆ ಕೆಂಪು ತುಂಬೋಣ ಅಂತ ಆ ಡಬ್ಬಿಯ ಚಿತ್ರ ಒತ್ತಿ, ಎಸಳಿನಲ್ಲಿ ಬಿಟ್ಟೆ. ಇಡೀ ಗಾಜು ಕೆಂಪಾಯಿತು. ಅಂಚಿನಿಂದ ಅಂಚಿಗೆ ಕೆಂಪು.

ಎಲ್ಲೋ ಎರಡು ಎಳೆ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿದ್ದೆ, ಬಣ್ಣ ಅದರಿಂದ ಸೋರಿ ಊರೆಲ್ಲ ಹರಿದಿತ್ತು. ಇದು ಈಗ ಗೊತ್ತು. ಆಗ ನಾನು ತಿಳಿದದ್ದು ಒಳಗೆ ಏನೋ ಒಡೆಯಿತು ಅಂತ. ಅದರ ಮೇಲೆ ಸೀರೆಯ ತುಂಡು ಹೊಚ್ಚಿ ಅಡಿಗೆಮನೆಯಲ್ಲಿ ಹೋಗಿ ಕೂತೆ. ಸಂಜೆ ಇವರು ಬಂದು, "ಅದರ ಮಾರಿ ಯಾಕ ಕೆಂಪಗಾಗ್ಯಾದ, ಜ್ವರ ಬಂದಾವೇನ?" ಅಂದರು. ತೆಳು ಸೀರೆ, ಬೆಳಕು ಹಾಯುತ್ತಿತ್ತು. ನಾನು "ನನಗೇನ ಗೊತ್ತ್ರಿ" ಅಂದೆ. ಸುನಂದಾ ಬಟ್ಟೆ ಸರಿಸಿ ನೋಡಿದಳು, ನನ್ನ ಕಡೆ ನೋಡಿ ಮತ್ತೆ ಬಟ್ಟೆ ಹೊಚ್ಚಿದಳು. ಇವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಮೇಲೆ ನನ್ನ ಹತ್ತಿರ ಬಂದು, "ಅತ್ತಿ, ಎಳಿ ಪೂರಾ ಕೂಡಿಸ್ಬೇಕ್ರಿ. ಇಲ್ಲಂದ್ರ ಬಣ್ಣ ನಿಲ್ಲಂಗಿಲ್ಲ" ಅಂದಳು. ನಲವತ್ತೈದು ವರ್ಷ ಎಳೆ ಎಳೆದ ನನಗೆ ಅಚ್ಚಿನ ಡಬ್ಬಿಯವಳು ಎಳೆ ಕೂಡಿಸುವುದನ್ನು ಹೇಳಿಕೊಟ್ಟಳು. ನಾನು "ಹೂಂ" ಅಂದೆ.

ಅವತ್ತಿನಿಂದ ಅವಳು ಗುಟ್ಟಾಗಿ ಕಲಿಸಿದಳು. ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಒಂದು ವಿದ್ಯೆ. ಎರಡು ಕೀಲಿ ಕೂಡಿಸಿ ಒತ್ತಿದರೆ ಈಗ ಮಾಡಿದ ತಪ್ಪು ಆಗಿಯೇ ಇಲ್ಲ ಅನ್ನುವ ಹಾಗೆ ಹಿಂದೆ ಹೋಗುತ್ತದೆ. ಮತ್ತೆ ಒತ್ತಿದರೆ ಅದರ ಹಿಂದಿನ ತಪ್ಪು. ಮೂರು ಸಲ ಮಾತ್ರ. ನಾಲ್ಕನೆಯ ತಪ್ಪಿಗೆ ಮಾಫಿ ಇಲ್ಲ. ನನಗೆ ಇದು ಬರೋಬ್ಬರಿ ಅನ್ನಿಸಿತು. ಎಷ್ಟು ಬೇಕಾದರೂ ಹಿಂದೆ ಹೋಗಬಹುದು ಅಂದರೆ ಮನುಷ್ಯ ಮುಂದೆ ಹೋಗುವುದೇ ಇಲ್ಲ. ಹಾಕಿದ್ದನ್ನು ಇಟ್ಟುಕೊಳ್ಳುವುದು ಹೇಗೆ ಅಂತಲೂ ತೋರಿಸಿದಳು. ಹೆಸರಿನ ಜಾಗದಲ್ಲಿ ಒಂದು, ಎರಡು ಅಂತ ಅಂಕಿ ಒತ್ತಬೇಕು. ನಾನು "ಇಟ್ಟುಕೊಂಡು ಏನ್ ಮಾಡ್ತಿ, ರಂಗೋಲಿ ಏನು ಉಪ್ಪಿನಕಾಯೇನ" ಅಂದೆ. "ಸಂಜೀತನಕ ಇಡ್ರಿ ಅತ್ತಿ, ನಾ ಸಾಲಿಂದ ಬಂದು ನೋಡ್ತೀನಿ" ಅಂದಳು. ಸಂಜೆತನಕ ಇಡುವುದು ಕಾನೂನಿನೊಳಗೇ ಇದೆ. ಹೀಗಾಗಿ ಒಂದು ಪದ್ಧತಿ ಬಿತ್ತು. ಹಗಲು ಹಾಕುವುದು, ಸಂಜೆ ಅವಳು ನೋಡುವುದು, ಮರುದಿನ ನಾನು ಪೆಟ್ಟಿಗೆ ಹಚ್ಚಿದ ಕೂಡಲೇ ನಿನ್ನೆಯದನ್ನು ಎಳೆದು ಕಸದ ಬುಟ್ಟಿಗೆ ಹಾಕುವುದು. ಗಾಜಿನ ಮೂಲೆಯಲ್ಲಿ ಒಂದು ಬುಟ್ಟಿಯ ಚಿತ್ರವೂ ಇತ್ತು. ಮನೆಗೆ ಬೇಕಾದ್ದೆಲ್ಲ ಇಟ್ಟಿದ್ದರು.

ಆ ಹಗಲುಗಳ ಸುಖ ಹೇಗೆ ಹೇಳಲಿ. ಹೊರಗೆ ಶಹಾಬಾದದ ಬಿಸಿಲು, ಕಲ್ಲು ಕೊಯ್ಯುವ ಮಷಿನ್ನಿನ ಸದ್ದು, ಕಿಟಕಿ ಹಾಕಿದರೂ ಒಳಗೆ ಬರುವ ಕಲ್ಲಿನ ಧೂಳು. ಒಳಗೆ ನಾನು ಖುರ್ಚಿಯ ಮೇಲೆ, ಬೆನ್ನಿಗೆ ದಿಂಬು, ಕಾಲ ಕೆಳಗೆ ಮಣೆ. ಯಾರೂ ತುಳಿಯುವುದಿಲ್ಲ, ಕೋಳಿ ಬಂದು ಕೆದರುವುದಿಲ್ಲ, ಗಾಳಿಗೆ ಹಿಟ್ಟು ಹಾರುವುದಿಲ್ಲ. ಎಂದೂ ಹಚ್ಚದ ಬಣ್ಣಗಳನ್ನು ಹಚ್ಚಿದೆ. ನೇರಳೆಯ ಮೇಲೆ ಹಸಿರು, ಹಸಿರಿನ ಮೇಲೆ ಗುಲಾಬಿ, ಪೇಟೆಯ ಹಿಟ್ಟಿನಲ್ಲಿ ಸಿಗದ ಒಂದು ನೀಲಿ. ನಡುವೆ ಕರೆಂಟ್ ಹೋಗಿ ಎಲ್ಲ ಅಳಿಸಿಹೋದರೆ ಸುನಂದಾ ಸಂಜೆ ಬಂದು ಅಯ್ಯೋ ಅನ್ನುತ್ತಿದ್ದಳು, ನನಗೆ ಏನೂ ಅನ್ನಿಸುತ್ತಿರಲಿಲ್ಲ. ರಂಗೋಲಿ ಅಳಿಯುವುದಕ್ಕೇ ಇರುವುದು. ಆದರೆ ಒಂದು ವಿಷಯ ನನಗೇ ಬಗೆಹರಿಯಲಿಲ್ಲ. ಹೊಸ್ತಿಲಿಗೆ ಹಾಕುವಾಗ ದೇವರು ಬರಲಿ, ಲಕ್ಷ್ಮಿ ಬರಲಿ ಅಂತ ಹಾಕುತ್ತಿದ್ದೆ. ಇದನ್ನು ಯಾರು ಬರಲಿ ಅಂತ ಹಾಕುತ್ತಿದ್ದೆ? ಯಾರೂ ಬರದಿರಲಿ ಅಂತಲೇ ಅಲ್ಲವೇ ಬಾಗಿಲು ಹಾಕಿಕೊಂಡಿದ್ದು?

ಹೀಗಿರುವಾಗ ಒಂದು ದಿನ ಪೆಟ್ಟಿಗೆ ಹಚ್ಚಿದರೆ ಗಾಜಿನ ತುಂಬ ನನ್ನದೇ ರಂಗೋಲಿ. ಹದಿನೈದು ಚುಕ್ಕಿಯದು. ನಾನು ಕೈಯಾರೆ ಬುಟ್ಟಿಗೆ ಹಾಕಿದ್ದು ಅದು, ಎದ್ದು ಬಂದು ಬಾಗಿಲಲ್ಲೇ ನಿಂತಿತ್ತು. ಸುನಂದಾಳನ್ನು ಕೇಳಿದರೆ, "ಅದು ಚಂದಿತ್ತು ಅಂತ ಮುಂದ ಹಾಕೀನ್ರಿ ಅತ್ತಿ. ಹಚ್ಚಿದ ಕೂಡ್ಲೇ ಕಾಣ್ತದ" ಅಂದಳು. ತೆಗಿ ಅಂದೆ. ನಾಳೆ ತೆಗೀತೀನಿ ಅಂದಳು. ಅಷ್ಟರಲ್ಲಿ ಯಜಮಾನರು ನೋಡಿಬಿಟ್ಟರು. ಕನ್ನಡಕ ಮೇಲೆ ಕೆಳಗೆ ಮಾಡಿ, "ಕಂಪನಿಯವರು ಭಾಳ ಚಂದ ಹಾಕಿ ಕೊಟ್ಟಾರ" ಅಂದರು. ನಲವತ್ತೈದು ವರ್ಷ ನಾನು ಅಂಗಳದಲ್ಲಿ ಹಾಕಿದ್ದನ್ನು ಚಪ್ಪಲಿ ಕಾಲಲ್ಲಿ ತುಳಿದು ಹೋದ ಮನುಷ್ಯ. ನಾನು ಆಮೇಲೆ ಸುನಂದಾಳಿಗೆ ತೆಗಿ ಅಂತ ಹೇಳಲಿಲ್ಲ. ಹಳಸಿದ ರಂಗೋಲಿ ಮನೆಯಲ್ಲಿ ನಿಂತಿದೆ ಅಂತ ಒಂದು ಕಡೆ ಎದೆ ಕುಟ್ಟುತ್ತಿತ್ತು, ಇನ್ನೊಂದು ಕಡೆ ದಿನಕ್ಕೆ ಎರಡು ಸಲ ಸುಮ್ಮಸುಮ್ಮನೆ ಹಚ್ಚಿ ನೋಡುತ್ತಿದ್ದೆ. ನೋಡಿದ್ದು ಕಂಪನಿಯವರದು ಅಂತ ಅಂದುಕೊಂಡು ನೋಡುತ್ತಿದ್ದೆ.

ಅಷ್ಟರಲ್ಲಿ ತೆಂಗಳಿಯಲ್ಲಿ ಯಜಮಾನರ ಚಿಕ್ಕಪ್ಪ ತೀರಿಕೊಂಡರು. ತೊಂಬತ್ತು ದಾಟಿದ್ದರು, ಹಿಂದಿನ ದಿನ ಕೂಡ ಎರಡು ರೊಟ್ಟಿ ತಿಂದಿದ್ದರು, ಅಳುವಂಥ ಸಾವಲ್ಲ. ಹೋದೆವು, ಮೂರನೇ ದಿನದ್ದು ಮುಗಿಸಿ ಬಂದೆವು, ಹತ್ತನೇ ದಿನಕ್ಕೆ ಮತ್ತೆ ಹೋಗುವುದಿತ್ತು. ಬರುವಾಗ ಜೊತೆಗೆ ತುಳಸಾಬಾಯಿ ಬಂದರು. ಅವರನ್ನು ಸೇಡಂಗೆ ಕೊಟ್ಟಿದೆ. ಕೊಟ್ಟ ಹೆಣ್ಣುಮಕ್ಕಳಿಗೆ ಸೂತಕ ಮೂರೇ ದಿನ, ಅವರದು ಮುಗಿದಿತ್ತು, ಅದಕ್ಕೇ ನಮ್ಮದನ್ನು ಕಾಯಲು ಪುರಸತ್ತಿತ್ತು. ಇನ್ನೊಂದು ಕೆಲಸವೂ ಇತ್ತು. ಶಹಾಬಾದದಲ್ಲಿ ಕಣ್ಣು ತೋರಿಸಿ ಚಸ್ಮಾ ಮಾಡಿಸಿಕೊಳ್ಳುವುದು. ಸೇಡಂನ ಚಸ್ಮಾದಲ್ಲಿ ಹತ್ತು ವರ್ಷದಿಂದ ಎಲ್ಲ ಎರಡೆರಡು ಕಾಣುತ್ತಿತ್ತಂತೆ. ನಾವು ಅವರ ಕಣ್ಣಿಗೆ ಎರಡು ಪಟ್ಟು ತಪ್ಪು ಮಾಡಿದವರಾಗಿ ಕಾಣುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು.

ತುಳಸಕ್ಕ ನನಗಿಂತ ಆರು ವರ್ಷ ದೊಡ್ಡವರು. ರಂಗೋಲಿಯಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ, ಅದು ನಿಜ. ನಾನು ಎಳೆಯ ತುದಿಯನ್ನು ಮೂಲೆಯಲ್ಲಿ ಗಿಳಿಯ ಮೂಗಿನ ಹಾಗೆ ಒಳಗೆ ತಿರುವುತ್ತೇನೆ, ನಮ್ಮವ್ವ ಕುರಕುಂಟಾದಲ್ಲಿ ಹಾಗೇ ತಿರುವುತ್ತಿದ್ದಳು. ನಾನು ಮದುವೆಯಾಗಿ ಬಂದ ಮೊದಲನೇ ವಾರದಲ್ಲೇ ಅದನ್ನು ನೋಡಿ, "ಏನವ್ವ ಇದು, ಮೂಲಿಗೆ ಹುಳ ಬಿದ್ದಂಗ ಅದ" ಅಂದಿದ್ದರು. ಅದರ ನಂತರ ನನ್ನ ರಂಗೋಲಿಯ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಬೈಗುಳವೂ ಇಲ್ಲ. ನಲವತ್ತೈದು ವರ್ಷ.

ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಳ್ಳುವಾಗ ನನಗೆ ನೆನಪಾಯಿತು. ಹೊಸ್ತಿಲ ಮುಂದೆ ಬರೇ ನೀರು, ನಡುಮನೆಯಲ್ಲಿ ಬಟ್ಟೆಯ ಕೆಳಗೆ ಹದಿನೈದು ಚುಕ್ಕಿ. ಅದರ ಎದುರಿಗೇ ತುಳಸಕ್ಕನ ಹಾಸಿಗೆ. ಒದ್ದೆ ಕೂದಲಲ್ಲೇ ಅಡಿಗೆಮನೆಗೆ ಹೋಗಿ ಸುನಂದಾಳಿಗೆ, "ಅದನ್ನ ತೆಗಿಯೇ" ಅಂದೆ. "ತೆಗೀಬೇಕಂದ್ರ ಹಚ್ಚಬೇಕ್ರಿ ಅತ್ತಿ. ಹಚ್ಚಿದ್ರ ಮೊದಲು ಅದೇ ಕಾಣ್ತದ" ಅಂದಳು. ತೆಗೆಯಲು ಹಚ್ಚಬೇಕು, ಹಚ್ಚಿದರೆ ಕಾಣುತ್ತದೆ. ಇಂಥ ಫಜೀತಿ ನಾನು ಬೇರೆ ಎಲ್ಲೂ ನೋಡಿಲ್ಲ. ಹೊಸ್ತಿಲಿನದಾದರೆ ಒಂದು ತಂಬಿಗೆ ನೀರು ಸಾಕು.

ಮರುದಿನ ಮಧ್ಯಾಹ್ನ ಇವರು ಅಕ್ಕನನ್ನು ಕರೆದುಕೊಂಡು ಚಸ್ಮಾ ತರಲು ಹೋದರು. ಸುನಂದಾ ಸಾಲಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಗುಂಡಿ ಒತ್ತಿದಳು. ಆ ಹಳೇ ಪೆಟ್ಟಿಗೆ ನಿದ್ದೆಯಿಂದ ಏಳಲು ಐದು ನಿಮಿಷ ತೆಗೆದುಕೊಳ್ಳುತ್ತಿತ್ತು. ಇನ್ನೇನು ಎದ್ದಿತು ಅನ್ನುವಾಗ ಕರೆಂಟ್ ಹೋಯಿತು. ಬಂತು. ಮತ್ತೆ ಮೊದಲಿನಿಂದ ಐದು ನಿಮಿಷ. ನಾನು ಬಾಗಿಲಲ್ಲಿ ನಿಂತು ರಸ್ತೆ ಕಾಯುತ್ತಿದ್ದೆ. ಆಟೋ ಬಂದು ನಿಂತಿತು, ತುಳಸಕ್ಕ ಹೊಸ ಚಸ್ಮಾ ಹಾಕಿಕೊಂಡು, ಒಂದೊಂದೇ ವಸ್ತುವನ್ನು ಒಂದೊಂದಾಗಿಯೇ ನೋಡುತ್ತ ಇಳಿದು ಒಳಗೆ ಬಂದರು. ಅದೇ ಗಳಿಗೆಗೆ ಗಾಜಿನ ತುಂಬ ರಂಗೋಲಿ ಅರಳಿತು.

"ಇದೇನಿದು?" ಅಂದರು.

"ಕಂಪ್ಯೂಟರ್ರಿ ದೊಡ್ಡತ್ತಿ" ಅಂದಳು ಸುನಂದಾ.

"ಕಂಪ್ಯೂಟರ್ ನನಗೂ ಗೊತ್ತದ. ಸೇಡಂದಾಗ ಬ್ಯಾಂಕಿನ್ಯಾಗ ನೋಡೀನಿ. ಅದರೊಳಗೇನದ?"

ಇವರು ಚಪ್ಪಲಿ ಬಿಡುತ್ತ ಬಾಗಿಲಿಂದಲೇ, "ಅದು ಕಂಪನಿಯವರು ಹಾಕಿ ಕೊಟ್ಟದ್ದಕ್ಕಾ. ಕ್ಯಾಲೆಂಡರಿನ್ಯಾಗ ದೇವರ ಫೋಟೋ ಇರ್ತದಲ್ಲ, ಹಂಗ" ಅಂದರು.

ತುಳಸಕ್ಕ ಹತ್ತಿರ ಹೋದರು. ಬೆರಳಿಟ್ಟು ಎಣಿಸಿದರು. "ಹದಿನೈದು ಚುಕ್ಕಿ, ಕಡೀ ಸಾಲು ಎಂಟಕ್ಕ ನಿಂತದ" ಅಂದರು. ಬೆರಳು ಎಳೆಯ ಗುಂಟ ಹೋಯಿತು, ಒಂದು ಸುತ್ತು ಪೂರ್ತಿ ಬಂತು. "ಎಳಿ ಎಲ್ಲೂ ತಪ್ಪಿಲ್ಲ. ಬಣ್ಣ ಎಲ್ಲೂ ಹೊರಗ ಹೋಗಿಲ್ಲ." ಆಮೇಲೆ ಬೆರಳು ಮೂಲೆಯಲ್ಲಿ ನಿಂತಿತು. "ತಮ್ಮಾ, ಯಾವ ಕಂಪನಿಯವ ಮೂಲ್ಯಾಗ ಗಿಳಿ ಮೂಗು ತಿರುವ್ತಾನ? ಇದು ನಿನ್ನ ಹೆಂಡತಿ ಕೈ. ಚಿಕ್ಕಪ್ಪ ಹೋಗಿ ಇನ್ನಾ ನಾಕು ದಿನ ಆಗಿಲ್ಲ, ಮನ್ಯಾಗ ಇಷ್ಟಗಲ ರಂಗೋಲಿ."

ಇವರು ನನ್ನ ಕಡೆ ತಿರುಗಿ, "ನೀ ಹಾಕಿಯೇನ?" ಅಂದರು. ಆ ದನಿ ನನಗೆ ಗೊತ್ತು. ರೇಡಿಯೋ ಎತ್ತಿಕೊಳ್ಳುವ ಮುಂಚಿನ ದನಿ.

ಇಲ್ಲಿ ನಾನು "ಇಲ್ರಿ, ಕಂಪನಿಯವರದೇ" ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಇವರು ನಂಬುತ್ತಿದ್ದರು, ನಂಬಲು ತಯಾರಾಗಿಯೇ ನಿಂತಿದ್ದರು. ಖುರ್ಚಿ, ದಿಂಬು, ಆ ನೀಲಿ, ಆ ಹಗಲು ಎಲ್ಲ ಉಳಿಯುತ್ತಿತ್ತು. ಆದರೆ ಎಳಿ ಎಲ್ಲೂ ತಪ್ಪಿಲ್ಲ ಅಂತ ಅಂದಿದ್ದರಲ್ಲ ಆಕೆ. ನಲವತ್ತೈದು ವರ್ಷಕ್ಕೆ ಬಾಯಿಂದ ಬಂದ ಮೊದಲ ಮಾತು. ಅದನ್ನು ಕಂಪನಿಯವರಿಗೆ ಹೇಗೆ ಕೊಡಲಿ. "ನಾನೇ ಹಾಕೀನಿ" ಅಂದೆ.

ಸುನಂದಾ ನಡುವೆ ಬಂದಳು. "ದೊಡ್ಡತ್ತಿ, ಇದು ಖರೇ ರಂಗೋಲಿ ಅಲ್ರಿ. ಹಿಟ್ಟಿಲ್ಲ, ನೆಲ ಇಲ್ಲ. ಬರೇ ಬೆಳಕು. ತೆಂಗಳ್ಯಾಗ ಅಜ್ಜಾರ ಹೋದ ಜಾಗದಾಗ ದೀಪ ಇಟ್ಟಿಲ್ಲೇನ್ರಿ, ಅದೂ ಬೆಳಕೇ."

ಇವರೂ ಆ ಮಾತಿಗೆ ಜೋತುಬಿದ್ದರು. "ಹೌದಲ್ಲ ಅಕ್ಕಾ, ಒರೆಸಿದ್ರ ಕೈಗಿ ಹತ್ತಂಗಿಲ್ಲ. ಹಂಗಿದ್ದ ಮ್ಯಾಲ ಅದೆಂಥ ರಂಗೋಲಿ?"

ತುಳಸಕ್ಕ ಇಬ್ಬರನ್ನೂ ಬಿಟ್ಟು ನನ್ನನ್ನೇ ನೋಡಿದರು. "ಅವರಿಗೇನ ಗೊತ್ತು. ಹಾಕಿದಾಕಿ ನೀ. ನೀ ಹೇಳು, ಇದು ರಂಗೋಲಿ ಹೌದೋ ಅಲ್ಲೋ?"

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ನೆಲ ಇಲ್ಲದ್ದು ರಂಗೋಲಿಯೇ? ಎಳೆ, ಚುಕ್ಕಿ, ಬಣ್ಣ ಎಲ್ಲ ಇದ್ದದ್ದು ರಂಗೋಲಿ ಅಲ್ಲದಿದ್ದರೆ ಇಷ್ಟು ದಿನ ನಾನು ಬಾಗಿಲು ಹಾಕಿಕೊಂಡು ಮಾಡಿದ್ದು ಏನು? ಅಲ್ಲ ಅಂದರೆ ಪೆಟ್ಟಿಗೆ ಉಳಿಯುತ್ತದೆ, ಮಾಡಿದ್ದು ಏನೂ ಅಲ್ಲ ಆಗುತ್ತದೆ. ಹೌದು ಅಂದರೆ ಮಾಡಿದ್ದು ಉಳಿಯುತ್ತದೆ, ಪೆಟ್ಟಿಗೆ ವಾಡಿಗೆ ಹೋಗುತ್ತದೆ. ತಲೆ ಗಿರ್ ಅಂತು. ಬಾಯಿ ಮಾತ್ರ ತಲೆಯನ್ನು ಕಾಯಲಿಲ್ಲ, ಎಂದೂ ಕಾದಿಲ್ಲ. "ರಂಗೋಲಿನೇ ರಿ" ಅಂದುಬಿಟ್ಟಿತು. ಅಂದ ಮೇಲೆ ಕೈ ತಾನೇ ತಪ್ಪನ್ನು ಹಿಂದೆ ಒಯ್ಯುವ ಆ ಎರಡು ಕೀಲಿ ಇರುವ ಕಡೆ ಸರಿಯಿತು. ಆಡಿದ ಮಾತಿಗೆ ಅದು ನಡೆಯುವುದಿಲ್ಲ.

ಇವರು ಗೋಡೆಯ ಕಡೆ ಹೋಗಿ ವೈರಿಗೆ ಕೈ ಹಾಕಿದರು. "ಆಯ್ತು. ನಾಳೆ ವಾಡಿಗೆ ಹೋಗ್ತದ."

"ಮಾವಾರ, ಯಾಕ್ರಿ?" ಅಂದಳು ಸುನಂದಾ. "ಜಗಳ ಆದ್ರ ಅಂದಿದ್ರಿ. ಜಗಳ ಎಲ್ಲಿ ಆಗ್ಯಾದ್ರಿ? ದೊಡ್ಡತ್ತಿ ರಂಗೋಲಿ ಅಂದ್ರು, ಅತ್ತಿನೂ ರಂಗೋಲಿ ಅಂದ್ರು."

ಇವರು ವೈರು ಹಿಡಿದುಕೊಂಡೇ ಯೋಚನೆ ಮಾಡಿದರು. ಆಡಿದ್ದು ಮಾಡುವವರಿಗೆ ಇದೊಂದು ಕಷ್ಟ, ಆಡಿದ್ದನ್ನು ಅಕ್ಷರ ಹಿಡಿದು ನೋಡಬೇಕಾಗುತ್ತದೆ. "ಅಕ್ಕಾ, ನೀ ಜಗಳ ಮಾಡಾಕತ್ತೀಯೇನ?" ಅಂತ ಕೇಳಿದರು.

"ನಾ ಯಾಕ ಜಗಳ ಮಾಡ್ಲಿ. ಆಕಿ ಒಪ್ಕೊಂಡಾಳಲ್ಲ" ಅಂದರು ತುಳಸಕ್ಕ. ಇವರು ವೈರು ಬಿಟ್ಟು, ಏನೋ ಕಳೆದುಕೊಂಡವರ ಹಾಗೆ ಬೇವಿನ ಕಟ್ಟೆಗೆ ಹೋದರು. ನಾನೂ ತುಳಸಕ್ಕನೂ ಒಂದೇ ಮಾತು ಹೇಳಿದ್ದು ಆ ಮನೆಯಲ್ಲಿ ಅದೇ ಮೊದಲು.

ಆದರೆ ತುಳಸಕ್ಕ ಅಷ್ಟಕ್ಕೆ ಬಿಡುವವರಲ್ಲ. "ರಂಗೋಲಿ ಅಂದ ಮ್ಯಾಲ ರಂಗೋಲಿ ರೀತಿನೇ ನಡೀಬೇಕು. ಸೂತಕದಾಗ ಇರಂಗಿಲ್ಲ. ಅಳಸು. ಇದೊಂದೇ ಅದನೋ, ಇನ್ನಾ ಅದಾವೋ?" ಅಂದರು.

ಇದೊಂದೇ ರಿ ಅಂತ ನಾನು ಧೈರ್ಯವಾಗಿ ಹೇಳಿದೆ. ಉಳಿದದ್ದನ್ನೆಲ್ಲ ದಿನದಿನಕ್ಕೆ ಬುಟ್ಟಿಗೆ ಹಾಕಿದವಳು ನಾನು. ಸುನಂದಾ ನೆಲ ನೋಡಿದಳು. ಹೇಳಿದೆನಲ್ಲ, ಸುಳ್ಳು ಬರುವುದಿಲ್ಲ. "ಇಲ್ರಿ, ನಲವತ್ತದಾವ" ಅಂದಳು. "ಅತ್ತಿ ಒಗದದ್ದನ್ನೆಲ್ಲ ನಾ ಸಂಜೀಕ ಬುಟ್ಟಿಂದ ತೆಗೆದು ಬ್ಯಾರೆ ಕಡೆ ಇಟ್ಟೀನಿ."

ನಲವತ್ತು. ನಾನು ಮುಂಜಾನೆ ಬುಟ್ಟಿಗೆ ಒಗೆಯುವುದು, ಇವಳು ಸಂಜೆ ಹೆಕ್ಕುವುದು. ಎರಡು ಹಬ್ಬ, ಒಂದು ಗ್ರಹಣ, ಒಂದು ಸಾವು, ಎಲ್ಲಕ್ಕೂ ನಲವತ್ತು ಹಳಸಿದ ರಂಗೋಲಿ ನನ್ನ ಮನೆಯೊಳಗೆ ನಿಂತೇ ಇದ್ದವು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಏನು ಅಂತ ತಿಳಿಯಲಿಲ್ಲ, ಸಿಟ್ಟಂತೂ ಅಲ್ಲ.

"ಎಲ್ಲಾ ಒಗಿ" ಅಂದರು ತುಳಸಕ್ಕ. ಸುನಂದಾ ಎಲ್ಲವನ್ನೂ ಒಟ್ಟಿಗೆ ಹಿಡಿದು ಎಳೆಯಲು ಹೋದಳು. "ಹಂಗಲ್ಲ, ಒಂದೊಂದೇ ತೆಗಿ. ಏನು ಒಗಿಯಾಕತ್ತೀವಿ ಅಂತ ನೋಡ್ಬೇಕಲ್ಲ" ಅಂತ ಹೇಳಿ, ನನ್ನ ಖುರ್ಚಿ ಎಳೆದುಕೊಂಡು ಕೂತರು. ನನ್ನ ದಿಂಬನ್ನೂ ಬೆನ್ನಿಗೆ ಇಟ್ಟುಕೊಂಡರು. ನಾನು ಹೊಲಿಗೆ ಮಷಿನ್ನಿನ ಸ್ಟೂಲಿನ ಮೇಲೆ ಕೂತೆ.

ಒಂದನೆಯದು ಬಂತು, ಮೊದಲ ದಿನದ ಕುರಿ ಹಿಂಡಿನದು, ಸುನಂದಾ ಅವತ್ತೇ ಕೆಂಪು ತೆಗೆದು ಇಟ್ಟುಕೊಂಡಿದ್ದಳು. "ಇದು ಹರಕು. ಒಗಿ" ಅಂದರು. ಸುನಂದಾ ಬುಟ್ಟಿಗೆ ಹಾಕಿದಳು. ಎರಡನೆಯದಕ್ಕೆ "ಚುಕ್ಕಿ ಸೊಟ್ಟದ. ಒಗಿ." ಆರನೆಯದಕ್ಕೆ "ಈ ನೀಲಿ ಎಲ್ಲಿ ಸಿಕ್ತು? ಪ್ಯಾಟ್ಯಾಗ ಇಲ್ಲಲ್ಲ ಇದು. ಒಗಿ." ಹನ್ನೊಂದನೆಯದಕ್ಕೆ "ಹಸಿರು ಜಾಸ್ತಿ ಆಗ್ಯಾದ, ಎಮ್ಮಿ ಮೇಯಸ್ಬೇಕಂತ ಮಾಡಿದ್ದೇನ?" ಅಂದರು, ನಾನು "ಮೂರು ಸಲ ಮ್ಯಾಲ ಹಿಂದ ಹೋಗ್ಲಿಕ್ಕೆ ಬರಂಗಿಲ್ರಿ" ಅಂದೆ, ಅವರಿಗೆ ಅರ್ಥವಾಗಲಿಲ್ಲ, "ಒಗಿ" ಅಂದರು. ಹೀಗೆ ನಡೆಯಿತು. ಒಂದೊಂದಕ್ಕೂ ಒಂದೊಂದು ಹೆಸರಿಟ್ಟರು, ಒಂದನ್ನೂ ನೋಡದೆ ಬಿಡಲಿಲ್ಲ. ದೀಪ ಹಚ್ಚುವ ಹೊತ್ತು ದಾಟಿತು. ಜೀವಮಾನದಲ್ಲಿ ಒಬ್ಬರು ನನ್ನ ರಂಗೋಲಿಗಳನ್ನು ಸಾಲಾಗಿ ಕೂತು ನೋಡಿದ್ದು ಅದೊಂದೇ ಸಲ, ಅದೂ ಒಗೆಯುವುದಕ್ಕೆ.

ಇಪ್ಪತ್ಮೂರನೆಯದು ಬಂದಾಗ "ತಡೀ" ಅಂದರು. ಅದು ಎಂಟೂ ಮೂಲೆಗೆ ಗಿಳಿ ಮೂಗು ತಿರುವಿದ್ದು. ಹೊಸ ಚಸ್ಮಾ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನಾನು ಹುಳದ ಮಾತು ಬರುತ್ತದೆ ಅಂತ ಕಾಯುತ್ತಿದ್ದೆ. "ನಿಮ್ಮವ್ವ ಹಿಂಗೇ ತಿರುವ್ತಿದ್ಲು, ಮದುವಿ ದಿನ ಕುರಕುಂಟಾದಾಗ ನೋಡಿದ್ದೆ" ಅಂದರು. ಮತ್ತೂ ಸ್ವಲ್ಪ ಹೊತ್ತು ನೋಡಿದರು. "ಹೂಂ. ಒಗಿ."

ನಲವತ್ತೂ ಮುಗಿದವು. ಬಾಗಿಲಲ್ಲಿ ನಿಂತಿದ್ದ ಹದಿನೈದು ಚುಕ್ಕಿಯದನ್ನೂ ಸುನಂದಾ ತೆಗೆದಳು, ಗಾಜು ಬರೇ ನೀಲಿಯಾಯಿತು, ತೊಳೆದ ಅಂಗಳದ ಹಾಗೆ. ತುಳಸಕ್ಕ ಏಳುತ್ತ ಕೇಳಿದರು, "ಬುಟ್ಟ್ಯಾಗ ಹಾಕಿದ್ದು ಏನಾಗ್ತದ?"

"ಅಲ್ಲೇ ಇರ್ತದ್ರಿ, ಬುಟ್ಟಿ ಚೆಲ್ಲೂತನಕ" ಅಂದಳು ಸುನಂದಾ.

"ಯಾವಾಗ ಚೆಲ್ತೀರಿ?"

"ನಾವು ಚೆಲ್ಲು ಅಂದಾಗ್ರಿ."

ನಾನು ಕಾದೆ. ನನ್ನ ಅಡಿಗೆಮನೆಯ ಕಸದ ಬುಟ್ಟಿಯನ್ನು ದಿನಕ್ಕೆ ಮೂರು ಸಲ ಚೆಲ್ಲಿಸುವ ಹೆಂಗಸು. ತುಳಸಕ್ಕ ಬುಟ್ಟಿಯ ಚಿತ್ರದ ಕಡೆ ಒಂದು ಸಲ ನೋಡಿ, "ಹಸಿವಾಗ್ಯಾದ, ಊಟಕ್ಕ ಹಾಕು" ಅಂದರು.

ಆ ರಾತ್ರಿ ನಾನು ನನಗೇ ಹೇಳಿಕೊಂಡೆ, ಒಳ್ಳೆಯದೇ ಆಯಿತು, ಮನೆ ಹಸನಾಯಿತು, ಪೆಟ್ಟಿಗೆ ಉಳಿಯಿತು, ಸೂತಕ ಕಳೆದ ಮೇಲೆ ಹೊಸದು ಹಾಕಿದರಾಯಿತು, ರಂಗೋಲಿ ಅಳಿಯುವುದಕ್ಕೇ ಇರುವುದು ಅಂತ ಮೊದಲಿನಿಂದ ಹೇಳುತ್ತ ಬಂದವಳು ನಾನೇ ಅಲ್ಲವೇ ಅಂತ. ಸುನಂದಾಳಿಗೂ ಅದನ್ನೇ ಹೇಳಿದೆ, ಮುಖ ಸಣ್ಣ ಮಾಡಿಕೊಂಡಿದ್ದಳು. "ಹೂಂ ರಿ ಅತ್ತಿ" ಅಂದಳು.

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದೆ. ಹೊಸ್ತಿಲ ಮುಂದೆ ಬರೇ ನೀರು ಹಾಕಿ ಒಳಗೆ ಬಂದೆ. ತುಳಸಕ್ಕ ಗೋಡೆಯ ಕಡೆ ಮಾರಿ ಮಾಡಿ ಮಲಗಿದ್ದರು, ನಿದ್ದೆಯೋ ಅಲ್ಲವೋ ಗೊತ್ತಿಲ್ಲ. ಸೀರೆಯ ತುಂಡು ಸರಿಸಿ ಗುಂಡಿ ಒತ್ತಿದೆ, ಐದು ನಿಮಿಷ ಕಾದೆ, ಬುಟ್ಟಿ ತೆರೆದು ಚುಕ್ಕಿ ಎಣಿಸುವ ಹಾಗೆ ಒಂದೊಂದರ ಮೇಲೆ ಬೆರಳಿಟ್ಟು ಎಣಿಸಿದೆ. ನಲವತ್ತೂ ಇದ್ದವು. ಹೊರಗೆ ತೆಗೆಯಲಿಲ್ಲ, ಸೂತಕ. ಬುಟ್ಟಿ ಮುಚ್ಚಿ, ಪೆಟ್ಟಿಗೆ ಆರಿಸಿ, ಬಟ್ಟೆ ಹೊಚ್ಚಿ, ತುಳಸಕ್ಕನಿಗೂ ನನಗೂ ಚಹಾಕ್ಕೆ ಇಟ್ಟೆ.